ಪ್ರವಾಸದಲ್ಲಿ ಭೂಕಂಪ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೆಲವೆಂದರೆ ಅಲುಗದಿರುವ ವಸ್ತು. ಮಳೆ ತಪ್ಪುವುದನ್ನು ನಾವು ಬಲ್ಲೆವು, ಕೆರೆ ಬತ್ತುವುದನ್ನು ಬಲ್ಲೆವು. ಕಾಲ ಕೆಳಗಿನ ಭೂಮಿ ಓಲಾಡುವುದನ್ನು ಮಾತ್ರ ಅರಿಯೆವು. ಆದುದರಿಂದ ನಮ್ಮವರು ಪ್ರಬಲವಾದ ಭೂಕಂಪವನ್ನು ಕಾಣುವುದಾದರೆ ಅದು ಬಹುಮಟ್ಟಿಗೆ ಮನೆಯಿಂದ ದೂರದಲ್ಲಿ, ಗುರುತಿಲ್ಲದ ಊರಿನ ಯಾವುದೋ ವಸತಿಗೃಹದಲ್ಲಿಯೇ.

2015ನೆಯ ಇಸವಿ ಏಪ್ರಿಲ್ 25ರಂದು ನೇಪಾಳದಲ್ಲಿ ಹೀಗೆಯೇ ಆಯಿತು. ಪಶುಪತಿನಾಥ, ಮುಕ್ತಿನಾಥಗಳ ಯಾತ್ರೆಗೆಂದೂ ಪರ್ವತಸಂಚಾರಕ್ಕೆಂದೂ ಕರ್ನಾಟಕದಿಂದ ಹೋಗಿದ್ದ ಅನೇಕರು ಅಂದು ಅಲ್ಲಿದ್ದರು. ನಮ್ಮ ಗಡಿಯಾರದಲ್ಲಿ ಹಗಲು 11 ಗಂಟೆ 41 ನಿಮಿಷವಾಗಿದ್ದಾಗ, ಕಠ್ಮಂಡುವಿಗೆ ವಾಯವ್ಯದಲ್ಲಿ ಸುಮಾರು 80 ಕಿಲೋಮೀಟರು ದೂರದ ಗೋರ್ಖಾ ಜಿಲ್ಲೆಯಲ್ಲಿ ಭೂಗರ್ಭದ ಶಿಲೆ ಬಿರಿಯಿತು. ಕಂಪದ ಪರಿಮಾಣ 7.8. ಸುಮಾರು ಒಂಬತ್ತು ಸಾವಿರ ಮಂದಿ ಮಡಿದರು. ಶನಿವಾರ ಆ ದೇಶದಲ್ಲಿ ವಾರದ ರಜೆ. ಪಾಠಶಾಲೆಗಳು ಬರಿದಾಗಿದ್ದುದರಿಂದ ಎಷ್ಟೋ ಮಕ್ಕಳು ಉಳಿದರು.

ಶಿಲೆ ಬಿರಿದಾಗ ಅಲ್ಲಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಶಬ್ದದಂತೆ ಹಿಂದುಮುಂದಕ್ಕೆ ಒತ್ತುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಸಾಗುವುದು. ಎರಡನೆಯದು ಹಗ್ಗವನ್ನು ಜಾಡಿಸಿದಂತೆ ಅಡ್ಡಲಾಗಿ ಅಲುಗಿಸುತ್ತ ಸುಮಾರು ಮೂರೂವರೆ ಕಿಲೋಮೀಟರು ಸಾಗುವುದು. 80 ಕಿಲೋಮೀಟರು ಕ್ರಮಿಸಲು ಮೊದಲನೆಯದಕ್ಕೆ 13 ಸೆಕೆಂಡು, ಎರಡನೆಯದಕ್ಕೆ 23 ಸೆಕೆಂಡು ಬೇಕು. ಮಿಂಚು ಕಂಡೊಡನೆ ಎಣಿಸತೊಡಗಿ, ಗುಡುಗು ಕೇಳಿದಾಗ ಸಿಡಿಲಿನ ದೂರವನ್ನು ಹೇಳುವುದಿಲ್ಲವೆ? ಇದೂ ಅದೇ ಲೆಕ್ಕ.

ನಡುವಿನ ಈ ಹತ್ತು ಸೆಕೆಂಡುಗಳೇ ಪ್ರವಾಸಿಗೆ ದೊರೆಯುವ ಅವಕಾಶ. ಮೊದಲ ಅಲೆಗೆ ಕಿಟಕಿಯ ಗಾಜು, ಮೇಜಿನ ಲೋಟ ಕಟಕಟಿಸುತ್ತವೆ. ಭಾರವಾದ ಲಾರಿಯೊಂದು ಬೀದಿಯಲ್ಲಿ ಹೋಯಿತೆಂದು ಹೊಸಬನು ಸುಮ್ಮನಿರುತ್ತಾನೆ. ಎರಡನೆಯ ಅಲೆ ತಾಕಿದ ಮೇಲೆ ನೆಟ್ಟಗೆ ನಿಲ್ಲುವುದೇ ಕಷ್ಟ. ಆಗ ಮೆಟ್ಟಿಲಿನತ್ತ ಓಡಿದವನು ಬೀಳುತ್ತಾನೆ, ಇಲ್ಲವೆ ಬೀಳುವ ಗೋಡೆಗೆ ಎದುರಾಗುತ್ತಾನೆ. ಕಾಂಕ್ರೀಟಿನ ಮಹಡಿಯಲ್ಲಿ ಇರುವವನು ಗಟ್ಟಿಯಾದ ಮೇಜಿನ ಕೆಳಗೆ ಕುಕ್ಕರಿಸಿ, ತಲೆ ಕತ್ತುಗಳನ್ನು ಮುಚ್ಚಿಕೊಂಡು, ಮೇಜಿನ ಕಾಲನ್ನು ಹಿಡಿದಿರುವುದೇ ಲೇಸು. ಜಪಾನಿನ ಮಕ್ಕಳು ಇದನ್ನು ಶಾಲೆಯಲ್ಲಿ ಅಭ್ಯಾಸ ಮಾಡುತ್ತಾರೆ. ಬಾಗಿಲಿನಾಚೆಗೇ ಬಯಲಿರುವ ಒಂದೇ ಅಂತಸ್ತಿನ ಮಣ್ಣಿನ ಮನೆಯಾದರೆ ಹೊರಗೋಡುವುದು ಸರಿಯಾದೀತು. ಇಕ್ಕಟ್ಟಾದ ಓಣಿಗೆ ಓಡುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ಹೆಂಚು ಇಟ್ಟಿಗೆಗಳು ಮೊದಲು ಉದುರುವುದು ಅಲ್ಲಿಯೇ.

ಕಠ್ಮಂಡುವಿನ ಧರಹರಾ ಗೋಪುರ ಅಂದು ಬುಡದವರೆಗೆ ಮುರಿದು ಬಿದ್ದು, ಊರಿನ ನೋಟಕ್ಕೆಂದು ಏರಿದ್ದ ಅನೇಕರು ಸತ್ತರು. ಅದೇ ಊರಿನ ಎಷ್ಟೋ ಸಣ್ಣ ಮನೆಗಳು ನಿಂತುಕೊಂಡವು. ಇದು ಹೇಗೆ? ಆ ಕಣಿವೆ ಹಿಂದೆ ಒಂದು ಸರೋವರ. ಕುಣಿಗಲ್ ಕೆರೆಯ ಅಂಗಳದಲ್ಲಿ ಹೂಳು ತುಂಬುವಂತೆ ಅಲ್ಲಿ ನೂರಾರು ಮೀಟರು ಆಳದವರೆಗೆ ಜೇಡಿಯೂ ಮರಳೂ ತುಂಬಿವೆ. ತಟ್ಟೆಯಲ್ಲಿ ಗಟ್ಟಿ ಮೊಸರಿಟ್ಟು ಅಂಚನ್ನು ಮೆಲ್ಲಗೆ ತಟ್ಟಿ ನೋಡಿರಿ. ತಟ್ಟೆಗಿಂತ ಮೊಸರು ಹೆಚ್ಚಾಗಿ, ಹೆಚ್ಚು ಹೊತ್ತು ತೂಗಾಡುವುದು. ಆ ಮಣ್ಣು ಅಂದು ನಾಲ್ಕೈದು ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗಿತು. ಗುಬ್ಬಿಯ ತೋಟಗಳಲ್ಲಿ ಗಾಳಿ ಬೀಸಿದಾಗ ಎತ್ತರದ ಅಡಕೆಮರ ಸಾವಕಾಶವಾಗಿ ತೊನೆಯುತ್ತದೆ, ಬುಡದ ಗಿಡ ಥರಥರ ನಡುಗುತ್ತದೆ. ಕಟ್ಟಡಗಳಿಗೂ ಇಂಥ ಲಯವುಂಟು. ನಿಧಾನದ ತೂಗು ಎತ್ತರದ ಗೋಪುರವನ್ನು ಹಿಡಿಯಿತು, ಗಿಡ್ಡ ಮನೆಗಳನ್ನು ಅಷ್ಟಾಗಿ ಹಿಡಿಯಲಿಲ್ಲ.

ನಮ್ಮ ಸೀಮೆಯ ಮಾತು ಬೇರೆ. ಇಲ್ಲಿ ಮಣ್ಣಿನ ಪದರದ ಕೆಳಗೆ ಸುಮಾರು 300 ಕೋಟಿ ವರ್ಷ ಹಳೆಯ ಗಟ್ಟಿ ಶಿಲೆಯಿದೆ. ದೇವರಾಯನದುರ್ಗದ ಕಡೆಯ ಗ್ರಾನೈಟು ತರುಣ. ಅದಕ್ಕೆ 250 ಕೋಟಿ! ಆ ಬೆಟ್ಟಗಳಲ್ಲಿ ಬಂಡೆಯ ಮೇಲೆ ಬಂಡೆ, ಬೆರಳಿನಿಂದ ನೂಕಿದರೆ ಉರುಳೀತೆಂಬಂತೆ ಕುಳಿತಿರುವುದನ್ನು ವಾಚಕರು ನೋಡಿರಬಹುದು. ಬಲವಾದ ಕಂಪವು ಬಹುಕಾಲದಿಂದ ಆ ಕಡೆ ಸುಳಿದಿಲ್ಲವೆಂಬುದಕ್ಕೆ ಅವು ಸಾಕ್ಷಿ. ತುಮಕೂರಿಗೆ ಈಶಾನ್ಯದಲ್ಲಿ ಸುಮಾರು 55 ಕಿಲೋಮೀಟರು ದೂರದ ಗೌರಿಬಿದನೂರಿನಲ್ಲಿ 1965ರಲ್ಲಿ ಅಣುಶಕ್ತಿ ಇಲಾಖೆಯವರು ಕಂಪನಮಾಪಕಗಳ ಸಾಲನ್ನು ಹೂಡಿದ್ದು ಇಂಥ ಪ್ರಶಾಂತ ಶಿಲೆಯ ಮೇಲೆಯೇ. ಗೋರ್ಖಾದಲ್ಲಿ ಹುಟ್ಟಿದ ಮೊದಲ ಅಲೆ, ಆಳದಲ್ಲಿ ವೇಗ ಹೆಚ್ಚುವುದರಿಂದ, ಸುಮಾರು 1,800 ಕಿಲೋಮೀಟರು ದಾಟಿ ಅಲ್ಲಿಗೆ ತಲುಪಲು ನಾಲ್ಕು ನಿಮಿಷವೂ ಬೇಡ.

ಆದರೆ ಈ ಪ್ರಶಾಂತ ಶಿಲೆಯೇ ನೇಪಾಳವನ್ನು ನಡುಗಿಸಿತೆಂಬುದು ವಿಚಿತ್ರವಾದರೂ ನಿಜ. ತುಮಕೂರನ್ನು ಹೊತ್ತ ಭೂಫಲಕವು ಇಡಿಯಾಗಿ ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಈಶಾನ್ಯಕ್ಕೆ ಜರುಗುತ್ತಿದೆ. ಅದರಲ್ಲಿ ಸುಮಾರು 2 ಸೆಂಟಿಮೀಟರಿನಷ್ಟು ಒತ್ತಡವನ್ನು ಹಿಮಾಲಯದ ಬುಡ ತಾಳಿಕೊಳ್ಳಬೇಕು. ಬಿಗಿ ಹೆಚ್ಚುತ್ತ ಹೋಗಿ ಒಂದು ದಿನ ಶಿಲೆ ಜಾರುತ್ತದೆ. ಅಂದು ಒಂದೇ ನಿಮಿಷದಲ್ಲಿ ಕಠ್ಮಂಡುವಿನ ನೆಲ ದಕ್ಷಿಣಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಸರಿದು, ಸುಮಾರು ಒಂದು ಮೀಟರು ಮೇಲೆದ್ದಿತು.

ಫಲಕದ ನಡುವೆ ಇರುವವರಿಗೆ ಭಯವೇ ಇಲ್ಲವೆಂದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರಿನ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಪರಿಮಾಣ 6.2ರ ಕಂಪವಾಗಿ, ಏಳು ಸಾವಿರಕ್ಕೂ ಹೆಚ್ಚು ಜನ ಮಲಗಿದ್ದಲ್ಲಿಯೇ ಸತ್ತರು. ಶಕ್ತಿಯಲ್ಲಿ ಇದು ಗೋರ್ಖಾ ಕಂಪದ ಸುಮಾರು ಇನ್ನೂರೈವತ್ತರಲ್ಲಿ ಒಂದು ಭಾಗದಷ್ಟು ಮಾತ್ರ! ಕೊಂದದ್ದು ಕೆಸರುಮಣ್ಣಿನಲ್ಲಿ ಕೂರಿಸಿದ ಕಲ್ಲುಗೋಡೆ, ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಹೀಗಿರಲು ಬೇರೆ ಊರಿನಲ್ಲಿ ತಂಗುವಾಗ ಗೋಡೆ ಯಾವುದರದು, ಬಾಗಿಲು ಎತ್ತ, ಬಯಲು ಎಷ್ಟು ದೂರ ಎಂದು ಬಂದೊಡನೆ ನೋಡಿಕೊಳ್ಳುವುದು ಪುಕ್ಕಲುತನವಲ್ಲ.

ಕಂಪ ನಿಂತ ಮೇಲೆ ಸಾಮಾನು ತರಲೆಂದು ಬಿರುಕುಬಿಟ್ಟ ಕಟ್ಟಡದೊಳಕ್ಕೆ ಹೋಗಬಾರದು. ಮೊದಲ ಹೊಡೆತಕ್ಕೆ ಸಡಿಲವಾದ ಗೋಡೆಗೆ ಚಿಕ್ಕ ಮರುಕಂಪವೇ ಸಾಕು. ನೇಪಾಳದಲ್ಲಿ ಮರುಕಂಪಗಳು ತಿಂಗಳುಗಟ್ಟಲೆ ಬಂದವು. ಭಾರತದ ಪ್ರವಾಸಿಗಳನ್ನು ವಾಯುಸೇನೆಯ ವಿಮಾನಗಳು ದೆಹಲಿಗೆ ತಂದಿಳಿಸಿದ ಮೇಲೆ, ಮೇ 12ರಂದು, ಪರಿಮಾಣ 7.3ರ ಇನ್ನೊಂದು ಕಂಪ ಅಲ್ಲಿ ಉಳಿದವರ ಮನೆಗಳನ್ನು ಮತ್ತೆ ಕೆಡವಿತು.