ಸೈಕಲ್ ಚೈನು ಏಕೆ ಹಾರುತ್ತದೆ?

ಸೈಕಲ್ಲಿನಲ್ಲಿ ದಿಬ್ಬ ಏರುತ್ತಿದ್ದೀರಿ. ಬಲವಾಗಿ ತುಳಿದೊಡನೆ 'ಕಟಕ್' ಎಂದು ಸದ್ದಾಗಿ ಪೆಡಲು ಜಾರುತ್ತದೆ. ಆಯ ತಪ್ಪಿ ಬೀಳುವಂತಾಗುತ್ತದೆ. "ಚೈನು ಉದ್ದ ಆಗಿದೆ" ಎನ್ನುತ್ತಾರೆ ರಿಪೇರಿ ಅಂಗಡಿಯವರು. ಉಕ್ಕಿನ ಚೈನು ರಬ್ಬರಿನಂತೆ ಹಿಗ್ಗುತ್ತದೆಯೇ?

ಮೊದಲು ಹಲ್ಲುಚಕ್ರಗಳನ್ನು ನೋಡೋಣ. ಪೆಡಲಿನ ಬಳಿ ಒಂದು ದೊಡ್ಡದು, ಹಿಂದಿನ ಗಾಲಿಯಲ್ಲಿ ಒಂದು ಚಿಕ್ಕದು ಇದೆ. ಇವನ್ನು ಸ್ಪ್ರಾಕೆಟ್ ಎನ್ನುತ್ತಾರೆ. ಗಡಿಯಾರದೊಳಗಿನ ಗಿಯರ್‌ಗಳಿಗೂ ಹಲ್ಲುಗಳಿವೆ. ಆದರೆ ಅಲ್ಲಿ ಒಂದರ ಹಲ್ಲು ಇನ್ನೊಂದರ ಹಲ್ಲನ್ನು ನೇರವಾಗಿ ತಳ್ಳುವುದರಿಂದ ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಸ್ಪ್ರಾಕೆಟ್‌ಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಚೈನು ಇರುವುದರಿಂದ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಸೈಕಲ್ಲಿಗೆ ಬೇಕಾದದ್ದು ಇದೇ ಅಲ್ಲವೇ?

ದೊಡ್ಡದರಲ್ಲಿ 48 ಹಲ್ಲು, ಚಿಕ್ಕದರಲ್ಲಿ 16 ಹಲ್ಲು ಎಂದುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ 48 ಕೊಂಡಿಗಳು ಮುಂದೆ ಸರಿಯುತ್ತವೆ. ಹಿಂದಿನ ಗಾಲಿ 3 ಸುತ್ತು ತಿರುಗಲೇಬೇಕು. ಹಿಟ್ಟಿನ ಗಿರಣಿಯ ಬೆಲ್ಟು ಭಾರ ಹೆಚ್ಚಾದರೆ ರಾಟೆಯ ಮೇಲೆ ಜಾರಬಹುದು. ಚೈನು ಹಲ್ಲಿಗೆ ಕಚ್ಚಿಕೊಂಡಿರುವುದರಿಂದ ಹಾಗೆ ಜಾರದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಾಶಿಯನ್ನು ಗಾಣದತ್ತ ಸಾಗಿಸುವುದೂ ಚೈನು ಮತ್ತು ಸ್ಪ್ರಾಕೆಟ್‌ಗಳೇ, ಅವು ಸೈಕಲ್ಲಿನವಕ್ಕಿಂತ ಬಹಳ ದೊಡ್ಡವು, ಅಷ್ಟೆ.

ಚೈನನ್ನು ಹತ್ತಿರದಿಂದ ನೋಡಿ. ಕೊಂಡಿಗಳ ಕೀಲಿನಲ್ಲಿ ಪಿನ್ನು, ಅದರ ಸುತ್ತ ಒಂದು ಕೊಳವೆ, ಅದರ ಮೇಲೆ ಸುತ್ತುವ ಪುಟ್ಟ ಉರುಳೆ ಇವೆ. ಉರುಳೆ ಹಲ್ಲಿನ ಮೇಲೆ ಉಜ್ಜದೆ ಉರುಳುತ್ತದೆ. ಈ ಬಗೆಯ ಚೈನನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದವರು ಹಾನ್ಸ್ ರೆನೋಲ್ಡ್. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ., ಅಂದರೆ ಸರಿಯಾಗಿ ಅರ್ಧ ಅಂಗುಲ. ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ಇದೇ ಅಳತೆಗೆ ಹೊಂದುವಂತೆ ಕತ್ತರಿಸಿರುತ್ತಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಕೊಂಡಿ ಹಿಗ್ಗುವುದಿಲ್ಲ. ಚೈನು ಸ್ಪ್ರಾಕೆಟ್ ಸುತ್ತಿ ಬರುವಾಗಲೆಲ್ಲ ಕೀಲುಗಳು ಬಾಗಿ ನೆಟ್ಟಗಾಗುತ್ತವೆ. ಧೂಳು ಸೇರಿ, ಎಣ್ಣೆ ಒಣಗಿದರೆ ಪಿನ್ನು ಸವೆಯುತ್ತದೆ. ಒಂದೊಂದು ಕೀಲೂ ಕೂದಲೆಳೆಗಿಂತ ಕಡಿಮೆ ಸಡಿಲವಾದರೂ ನೂರಾರು ಕೀಲುಗಳದ್ದು ಕೂಡಿದರೆ ಚೈನು ಉದ್ದವಾಗುತ್ತದೆ. ಆಗ ಹಲ್ಲಿಗೂ ಚೈನಿಗೂ ಲೆಕ್ಕ ತಪ್ಪುತ್ತದೆ. ಉರುಳೆ ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರುತ್ತದೆ. ಜೋರಾಗಿ ತುಳಿದರೆ ಹಾರಿಬಿಡುತ್ತದೆ.

ಇದನ್ನು ನೀವೇ ಅಳೆಯಬಹುದು. ಸೈಕಲ್ ನಿಂತಿರಲಿ, ಗಾಲಿ ತಿರುಗುವಾಗ ಚೈನಿನ ಹತ್ತಿರ ಬೆರಳು ಒಯ್ಯಲೇಬೇಡಿ. ಬಿಗಿಯಾಗಿರುವ ಭಾಗದಲ್ಲಿ ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿದು, ಅದನ್ನು ಬಿಟ್ಟು 20 ಪಿನ್ನು ಎಣಿಸಿ. ಹೊಸ ಚೈನಾದರೆ ಇಪ್ಪತ್ತನೆಯದರ ನಡು 25.4 ಸೆಂ.ಮೀ.ಗೆ ಬರುತ್ತದೆ. 25.5 ದಾಟಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಬದಲಿಸದೆ ಓಡಿಸಿದರೆ ಹಲ್ಲುಗಳೂ ಸವೆದು ಕೊಕ್ಕೆಯಂತಾಗುತ್ತವೆ. ಆಮೇಲೆ ಹೊಸ ಚೈನು ಹಾಕಿದರೂ ಅದು ಆ ಹಲ್ಲುಗಳಿಗೆ ಕೂರದು, ಸ್ಪ್ರಾಕೆಟ್ಟನ್ನೂ ಕೊಳ್ಳಬೇಕಾಗುತ್ತದೆ.