ಹುಬ್ಬಳ್ಳಿಯ ಮಾತು, ಹುಬ್ಬಳ್ಳಿಯ ನಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ಕಿವಿಗೊಟ್ಟು ನಿಲ್ಲಿರಿ. ‘ಮನೆ’ ಎಂಬುದು ‘ಮನಿ’ ಆಗುತ್ತದೆ. ‘ಬೇಡ’ ಎಂಬುದು ‘ಬ್ಯಾಡ’ ಆಗುತ್ತದೆ. ಜಗಳದ ಮಾತಿನ ತುದಿಗೂ ಮರ್ಯಾದೆಯ ‘ರೀ’ ಒಂದು ಅಂಟಿಕೊಂಡಿರುತ್ತದೆ. ನಿತ್ಯವೂ ಈ ಮಾತನ್ನೇ ಆಡುವವರಿಗೆ ಇದರಲ್ಲಿ ನಗುವಂಥದೇನೂ ಇಲ್ಲ. ಆದರೆ ನಮ್ಮ ಎಷ್ಟೋ ಚಲನಚಿತ್ರಗಳಲ್ಲಿ ಈ ಮಾತು ಬಂದುದೇ ನಗಿಸುವುದಕ್ಕಾಗಿ. ಅಲ್ಲಿ ನಕ್ಕದ್ದು ಪಾತ್ರದ ಪೇಚಿಗಲ್ಲ, ಅದರ ಉಚ್ಚಾರಕ್ಕೆ.

ಈ ಎರಡು ನಗೆಗಳ ಅಂತರವನ್ನು ಬಲ್ಲ ನಟರು ಯಶವಂತ ಸರದೇಶಪಾಂಡೆಯವರು. ವಿಜಯಪುರ ಜಿಲ್ಲೆಯ ಉಕ್ಕಲಿಯವರು. ಹೆಗ್ಗೋಡಿನ ನೀನಾಸಮ್‌ನಲ್ಲಿ ನಾಟಕ ಕಲಿತವರು. ಹುಬ್ಬಳ್ಳಿಯಲ್ಲಿ ‘ಗುರು’ ಸಂಸ್ಥೆಯನ್ನು ಕಟ್ಟಿ ಊರೂರಿಗೆ ನಾಟಕ ಒಯ್ದವರು. ಕಿರುತೆರೆಯಲ್ಲಿಯೂ ಚಲನಚಿತ್ರಗಳಲ್ಲಿಯೂ ಅಭಿನಯಿಸಿದರು.

ಅವರಿಗೆ ಹೆಸರು ತಂದ ನಾಟಕ ‘ಆಲ್ ದಿ ಬೆಸ್ಟ್’. ಇದರ ಮೂಲ ಮರಾಠಿ. ಮೂವರು ಗೆಳೆಯರು: ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಿವಿ ಕೇಳಿಸದು, ಇನ್ನೊಬ್ಬನಿಗೆ ಮಾತು ಬಾರದು. ಮೂವರೂ ಒಲಿದದ್ದು ಒಬ್ಬಳೇ ಹುಡುಗಿಗೆ. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಿಕೊಡಬೇಕು. ಹೀಗಾಗಿ ಇಲ್ಲಿ ನಗೆಯೆಲ್ಲ ಹೊತ್ತಿನ ಮೇಲೆ ನಿಂತಿದೆ. ಉತ್ತರ ಅರೆಗಳಿಗೆ ತಡವಾದರೆ ನಗೆ ಸತ್ತಂತೆ. ಅರೆಗಳಿಗೆ ಮೊದಲೇ ಬಂದರೂ ಅಷ್ಟೇ. ಈ ನಾಟಕ ಕನ್ನಡದಲ್ಲಿ ನೂರಾರು ಪ್ರಯೋಗಗಳನ್ನು ಕಂಡಿತು.

2005ರಲ್ಲಿ ರಮೇಶ್ ಅರವಿಂದರು ‘ರಾಮ ಶಾಮ ಭಾಮ’ ಚಿತ್ರವನ್ನು ನಿರ್ದೇಶಿಸಿದರು. ಅದರ ಮೂಲವಾದ ತಮಿಳು ಚಿತ್ರ ‘ಸತಿ ಲೀಲಾವತಿ’ಯಲ್ಲಿ (1995) ಕಮಲಹಾಸನರು ಕೊಯಮತ್ತೂರಿನ ಕಡೆಯ ತಮಿಳನ್ನು ಆಡಿದ್ದರು. ಕನ್ನಡದಲ್ಲಿ ಆ ಜಾಗಕ್ಕೆ ಬಂದದ್ದು ಹುಬ್ಬಳ್ಳಿಯ ಕನ್ನಡ. ಅದನ್ನು ಅವರಿಗೆ ಕಲಿಸಿದವರು ಸರದೇಶಪಾಂಡೆಯವರು. ಪದ ಕಲಿಸುವುದು ಸುಲಭ, ರಾಗ ಕಲಿಸುವುದು ಕಷ್ಟ. ‘ಹೌದ್ರೀ’ ಎಂಬ ಒಂದೇ ಮಾತು ಎಳೆದರೆ ಸಂಶಯ, ಮೊಟಕಿದರೆ ಒಪ್ಪಿಗೆ, ಮೇಲಕ್ಕೆತ್ತಿದರೆ ಪ್ರಶ್ನೆ. ಆ ಚಿತ್ರದಲ್ಲಿ ನಾವು ನಗುವುದು ಗೆಳೆಯನ ಸಂಸಾರದ ತೊಡಕಿನಲ್ಲಿ ಸಿಕ್ಕಿಬಿದ್ದ ವೈದ್ಯನ ಪಾಡಿಗೆ. ಹುಬ್ಬಳ್ಳಿಯ ಮಾತು ಅವನ ಸ್ವಂತ ಮಾತು, ಹಾಸ್ಯಕ್ಕೆ ತೊಡಿಸಿದ ವೇಷವಲ್ಲ.

ಸರದೇಶಪಾಂಡೆಯವರು 2025ರ ಸೆಪ್ಟೆಂಬರ್ 29ರಂದು ತೀರಿಕೊಂಡರು. ಇನ್ನು ಮುಂದೆ ಬಾನುಲಿಯಲ್ಲಿ ನಗೆನಾಟಕ ಬಂದಾಗ ಒಂದು ಪರೀಕ್ಷೆ ಮಾಡಿ ನೋಡಿರಿ. ನಕ್ಕ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿರಿ: ನಾನು ನಕ್ಕದ್ದು ಆ ಮನುಷ್ಯನ ಪೇಚಿಗೋ, ಅವನ ಊರಿನ ಮಾತಿಗೋ? ಪೇಚಿಗೆ ನಕ್ಕಿದ್ದರೆ ಆ ನಗೆಯಲ್ಲಿ ಅವನ ಊರಿನವರೂ ಕೂಡಿಕೊಳ್ಳುತ್ತಾರೆ.