ಬೆರ್ಚಪ್ಪನಿಗೆ ಕಾಗೆ ಯಾಕೆ ಹೆದರುವುದಿಲ್ಲ?

ಪಪ್ಪಾಯಿ ಬಣ್ಣ ತಿರುಗುವಾಗ, ಕೋಳಿಮರಿ ಅಂಗಳಕ್ಕೆ ಇಳಿಯುವಾಗ, ಜೋಳದ ಮೊಳಕೆ ಮಣ್ಣಿನಿಂದ ತಲೆ ಎತ್ತುವಾಗ ಕಾಗೆಯ ಉಪದ್ರ ಶುರು. ನಾವು ಬೆರ್ಚಪ್ಪ ನಿಲ್ಲಿಸುತ್ತೇವೆ. ಕಾಗೆ ಎರಡು ದಿನ ದೂರದಲ್ಲಿ ಕೂತು ನೋಡುತ್ತದೆ. ಮೂರನೇ ದಿನ ಬೆರ್ಚಪ್ಪನ ತಲೆಯ ಮೇಲೇ ಕೂತು ಕೊಕ್ಕು ಉಜ್ಜುತ್ತದೆ. ಅದೇ ಕಾಗೆ, ಕವಣೆ ಹಿಡಿಯುವ ಹುಡುಗ ಬರಿಗೈಯಲ್ಲಿ ಬಂದರೂ ಬೊಬ್ಬೆ ಹೊಡೆದು ಹಾರುತ್ತದೆ. ಪಕ್ಕದಲ್ಲೇ ಹುಲ್ಲು ಕೊಯ್ಯುವ ಹೆಂಗಸಿನ ಬಗ್ಗೆ ಅದಕ್ಕೆ ಚಿಂತೆಯೇ ಇಲ್ಲ. ಹಾಗಾದರೆ ಅದು ನೋಡುವುದು ಏನನ್ನು?

ಅಮೆರಿಕದ ಸಿಯಾಟಲ್ ಪಟ್ಟಣದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಹಿಡಿದು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮಾಡಿದವರು ಜಾನ್ ಮಾರ್ಜ್‌ಲಫ್ ಎಂಬ ಪಕ್ಷಿ ವಿಜ್ಞಾನಿ ಮತ್ತು ಅವರ ಶಿಷ್ಯರು. ಕಾಗೆ ಹಿಡಿದು ಕಾಲಿಗೆ ಬಳೆ ತೊಡಿಸಿ ಬಿಡುವುದು ಅವರ ಕೆಲಸದ ಭಾಗ. ಹಾಗೆ ಹಿಡಿದವರನ್ನು ಕಾಗೆಗಳು ಆಮೇಲೆ ಗುರುತಿಟ್ಟು ದೂರ ಇಡುತ್ತವೆ ಎಂಬ ಗುಮಾನಿ ಅವರಿಗೆ ಮೊದಲೇ ಇತ್ತು. ಗುರುತಿಡುವುದು ಮುಖವನ್ನೋ, ಬಟ್ಟೆಯನ್ನೋ, ನಡಿಗೆಯನ್ನೋ? ತಿಳಿಯಲು ಅವರು ಕಂಡುಕೊಂಡ ಉಪಾಯ ಯಕ್ಷಗಾನದವರಿಗೂ ಖುಷಿ ಕೊಡುವಂಥದ್ದು: ಮುಖವಾಡ.

2006ರಲ್ಲಿ ಗುಹಾಮಾನವನ ರಬ್ಬರ್ ಮುಖವಾಡ ಹಾಕಿಕೊಂಡು ಏಳು ಕಾಗೆ ಹಿಡಿದರು, ಬಳೆ ಹಾಕಿ ಬಿಟ್ಟರು. ಹೊಡೆಯಲಿಲ್ಲ, ಬಡಿಯಲಿಲ್ಲ. ಹೋಲಿಕೆಗೆ ಇನ್ನೊಂದು ಮುಖವಾಡ, ಆಗಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೆನಿಯದ್ದು. ಅದನ್ನು ಹಾಕಿದವರು ಕಾಗೆಯ ತಂಟೆಗೇ ಹೋಗಲಿಲ್ಲ. ಆಮೇಲೆ ಬೇರೆ ಬೇರೆಯವರು ಎರಡೂ ಮುಖವಾಡ ಹಾಕಿ ಅಲ್ಲೆಲ್ಲ ಸುಮ್ಮನೆ ನಡೆದಾಡಿದರು. ಗುಹಾಮಾನವನನ್ನು ಕಂಡ ಕೂಡಲೇ ಕಾಗೆಗಳದ್ದು ಕರ್ಕಶ ಬೈಗುಳ. ಮುಖವಾಡದ ಒಳಗೆ ಗಂಡಸೋ ಹೆಂಗಸೋ, ಉದ್ದವೋ ಗಿಡ್ಡವೋ, ಅದರ ಲೆಕ್ಕವಿಲ್ಲ. ಉಪಾಧ್ಯಕ್ಷರನ್ನು ಮಾತ್ರ ಕೇಳುವವರೇ ಇಲ್ಲ! ಬೇರೆ ಮುಖವಾಡಗಳಿಂದ ಬೇರೆ ಜಾಗಗಳಲ್ಲೂ ಇದನ್ನು ಮಾಡಿ ನೋಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಡಿದದ್ದು ಒಮ್ಮೆ ಮಾತ್ರ, ನೆನಪು ಉಳಿದದ್ದು ಎರಡೂವರೆ ವರ್ಷಕ್ಕಿಂತ ಹೆಚ್ಚು.

ನನಗೆ ಇದಕ್ಕಿಂತ ದೊಡ್ಡದು ಅಂತ ಕಂಡದ್ದು ಮುಂದಿನ ಸಂಗತಿ. ಬಲೆಗೆ ಬಿದ್ದದ್ದು ಏಳೇ ಕಾಗೆ. ಮೊದಲ ದಿನಗಳಲ್ಲಿ ದಾರಿಯಲ್ಲಿ ಸಿಕ್ಕಿದ ಕಾಗೆಗಳಲ್ಲಿ ಕಾಲಂಶದಷ್ಟು ಮಾತ್ರ ಬೈಯುತ್ತಿದ್ದವು. ವರ್ಷ ಕಳೆದ ಹಾಗೆ ಇದು ಇಳಿಯಬೇಕಿತ್ತಲ್ಲ? ಏರಿತು. ಒಂದು ದಿನದ ನಡಿಗೆಯಲ್ಲಿ ಎದುರಾದ 53 ಕಾಗೆಗಳಲ್ಲಿ 47 ಬೈದವು. ಹಿಡಿದ ಜಾಗದಿಂದ ಒಂದು ಕಿಲೋಮೀಟರಿಗಿಂತ ಆಚೆಗೂ ಸುದ್ದಿ ಹಬ್ಬಿತು. ಅಪ್ಪ ಅಮ್ಮ ಬೈಯುವುದನ್ನು ನೋಡಿದ ಮರಿಗಳು, ಗುಂಪಿನಲ್ಲಿ ಸೇರಿ ಬೈದ ನೆರೆಯ ಕಾಗೆಗಳು, ಎಲ್ಲವೂ ಆ ಮುಖವನ್ನು ವೈರಿ ಎಂದು ಕಲಿತವು. ಹೀಗೆ ಬೈಯುವುದು ನಿಧಾನಕ್ಕೆ ಇಳಿದು, ಪೂರ್ತಿ ಮೌನ ಸಿಕ್ಕಿದ್ದು 2023ರ ನಡಿಗೆಯಲ್ಲಿ. ಅಂದರೆ 17 ವರ್ಷ. ಜಮೀನಿನ ತಕರಾರಿನಲ್ಲಿ ನಾವೇನೂ ಕಡಿಮೆ ಇಲ್ಲ ಬಿಡಿ.

ಕಾಗೆಯ ಮಿದುಳಿನ ಚಿತ್ರವನ್ನೂ ಇವರು ತೆಗೆದಿದ್ದಾರೆ. ಹಿಡಿದವನ ಮುಖ ಕಂಡಾಗ ಚುರುಕಾಗುವ ಭಾಗ ಬೇರೆ, ಅನ್ನ ಹಾಕಿದವನ ಮುಖ ಕಂಡಾಗ ಚುರುಕಾಗುವ ಭಾಗ ಬೇರೆ.

ಈಗ ಬೆರ್ಚಪ್ಪನ ಹತ್ತಿರ ಬರುವ. ಹಳೆ ಅಂಗಿ, ಮಡಕೆ ತಲೆ. ಈ ಆಸಾಮಿಯಿಂದ ಕಾಗೆಗೆ ಯಾವತ್ತೂ ತೊಂದರೆ ಆಗಿಲ್ಲ. ಮೊದಲೆರಡು ದಿನದ ಅಂಜಿಕೆ ಹೊಸ ವಸ್ತು ಎಂಬ ಕಾರಣಕ್ಕೆ. ಆಮೇಲೆ ಅವನು ಉಪಾಧ್ಯಕ್ಷರ ಮುಖವಾಡ ಇದ್ದ ಹಾಗೆ, ಲೆಕ್ಕಕ್ಕಿಲ್ಲ.

ಸತ್ತ ಕಾಗೆಯನ್ನು ಕೋಲಿಗೆ ಕಟ್ಟಿ ತೂಗಿಸುವ ಕ್ರಮ ನಮ್ಮ ಕಡೆ ಉಂಟು. ಅದಕ್ಕೆ ಸಂಬಂಧಪಟ್ಟ ಅಧ್ಯಯನವೂ ಸಿಯಾಟಲಿನಲ್ಲಾಗಿದೆ. ಮಾರ್ಜ್‌ಲಫ್ ಅವರ ಶಿಷ್ಯೆ ಕೇಲಿ ಸ್ವಿಫ್ಟ್ ಅದನ್ನು 2015ರಲ್ಲಿ ಪ್ರಕಟಿಸಿದರು. ಮೊದಲು ಒಂದು ಜಾಗದಲ್ಲಿ ಕಾಗೆಗಳಿಗೆ ತಿಂಡಿ ಹಾಕಿ ಅಭ್ಯಾಸ ಮಾಡಿಸಿದರು. ಆಮೇಲೆ ಮುಖವಾಡ ಹಾಕಿದವರೊಬ್ಬರು ಸತ್ತ ಕಾಗೆಯನ್ನು ಕೈಯಲ್ಲಿ ಹಿಡಿದು ಅಲ್ಲಿ ಅರ್ಧ ಗಂಟೆ ನಿಂತರು. ಕಾಗೆಗಳು ಕೂಡಿ ಬೊಬ್ಬೆ ಹಾಕಿದವು. ಮುಂದಿನ ದಿನಗಳಲ್ಲಿ ತಿಂಡಿಗೆ ಇಳಿಯಲು ಹಿಂದೆಮುಂದೆ ನೋಡಿದವು. ಆ ಮುಖವಾಡದವರು ಬರಿಗೈಯಲ್ಲಿ ಬಂದರೂ ಬೈದವು, ಕೆಲವು ಆರು ವಾರದವರೆಗೂ. ಸತ್ತ ಪಾರಿವಾಳ ಹಿಡಿದು ನಿಂತಾಗ ಇಷ್ಟು ಗಲಾಟೆ ಇರಲಿಲ್ಲ. ‘ಕಾಗೆ ಸತ್ತರೆ ಕಾಗೆಗಳೆಲ್ಲ ದುಃಖಕ್ಕೆ ಸೇರುತ್ತವೆ’ ಅಂತ ನಾವು ಹೇಳುವುದಿದೆ. ದುಃಖವೋ ಅಲ್ಲವೋ, ಇಲ್ಲಿ ಅಪಾಯ ಏನು, ಯಾರಿಂದ ಅಂತ ಕಲಿಯುವುದಕ್ಕಂತೂ ಸೇರುತ್ತವೆ.

ಹಾಗಂತ ತೂಗಿಸಲಿಕ್ಕೆ ಕಾಗೆ ಕೊಲ್ಲಲು ಹೊರಡಬೇಡಿ. ಮೊದಲು ವನ್ಯಜೀವಿ ಕಾನೂನಿನಲ್ಲಿ ಕಾಗೆ, ಇಲಿಗಳು ಉಪದ್ರವಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಕಾನೂನು ಬದಿಗಿರಲಿ, ಗದ್ದೆ ಉಳುವಾಗ ನೇಗಿಲ ಹಿಂದೆ ನಡೆದು ಗೊಬ್ಬರದ ಹುಳು ಹೆಕ್ಕುವುದೂ ಇದೇ ಕಾಗೆ. ನಮಗೆ ಬೇಕಾದ್ದು ವರ್ಷದ ಹತ್ತು ಹದಿನೈದು ದಿನ ಅದು ದೂರ ಇರುವುದು, ಅಷ್ಟೇ.

ಅದಕ್ಕೆ ನನ್ನದೊಂದು ಲೆಕ್ಕಾಚಾರ. ಜಾತ್ರೆಯಲ್ಲಿ ಸಿಗುವ ರಕ್ಕಸನ ಮುಖವಾಡ ಒಂದು ತರುವುದು. ಕಾಗೆ ಅಟ್ಟುವಾಗಲೆಲ್ಲ ಅದನ್ನೇ ಹಾಕಿಕೊಳ್ಳುವುದು, ಕವಣೆ, ಬೊಬ್ಬೆ ಎಲ್ಲ ಅದರೊಟ್ಟಿಗೆ. ನಾಲ್ಕಾರು ದಿನ ಕಳೆದ ಮೇಲೆ ಆ ಮುಖವನ್ನು ಬೆರ್ಚಪ್ಪನಿಗೆ ಕಟ್ಟುವುದು. ನಡುನಡುವೆ ಅವನ ಜಾಗಕ್ಕೆ ನಾವೇ ಮುಖವಾಡ ಹಾಕಿ ನಿಂತು, ಕಾಗೆ ಇಳಿದಾಗ ಎದ್ದು ಓಡಿಸುವುದು. ಬೊಂಬೆ ಯಾವುದು, ಮನುಷ್ಯ ಯಾರು ಎಂಬ ಸಂಶಯ ಅದಕ್ಕೆ ಉಳಿಯಬೇಕು. ಇನ್ನೊಂದು ಲಾಭ, ನಮ್ಮ ಸ್ವಂತ ಮುಖ ಕೆಡುವುದಿಲ್ಲ. ಇಲ್ಲದಿದ್ದರೆ ವರ್ಷವಿಡೀ ಅಂಗಳಕ್ಕೆ ಇಳಿದಾಗಲೆಲ್ಲ ಬೈಗುಳ ತಿನ್ನಬೇಕಾದೀತು.

ತೊಡಕೂ ಇಲ್ಲದಿಲ್ಲ. ಸಿಯಾಟಲಿನ ಕಾಗೆ ಜಾತಿ ಬೇರೆ. ನಮ್ಮ ಊರುಗಾಗೆ, ಕಾಡುಗಾಗೆಗಳು ಅದರ ದಾಯಾದಿಗಳು. ಅಲ್ಲದೆ ಬೈಯುವುದು ಬೇರೆ, ಬೆಳೆ ಬಿಡುವುದು ಬೇರೆ. ಮರದ ಮೇಲೆ ಕೂತು ಚೆನ್ನಾಗಿ ಬೈದು, ನಾವು ಊಟಕ್ಕೆ ಹೋದ ಕೂಡಲೇ ಪಪ್ಪಾಯಿಗೆ ಇಳಿದರೆ ಬಂದ ಭಾಗ್ಯವೇನು? ಬಿತ್ತನೆಯ ವಾರದಲ್ಲಿ ಎರಡು ಸಾಲು ಜೋಳಕ್ಕೆ ಮುಖವಾಡದ ಬೆರ್ಚಪ್ಪ, ದೂರದ ಇನ್ನೆರಡು ಸಾಲಿಗೆ ಮಾಮೂಲಿ ಬೆರ್ಚಪ್ಪ ನಿಲ್ಲಿಸಿ, ಕಿತ್ತುಹೋದ ಮೊಳಕೆ ಎಣಿಸಿದರೆ ಗೊತ್ತಾಗುತ್ತದೆ. ಇಂಥದ್ದನ್ನು ಈಗಾಗಲೇ ಮಾಡಿ ನೋಡಿದವರಿದ್ದರೆ ಎಷ್ಟು ದಿನ ಕಾಗೆ ದೂರ ನಿಂತಿತು ಅಂತ ಪತ್ರಿಕೆಗೆ ಬರೆಯಿರಿ.